ಸೈಕಲ್ಲೇ ಕಾಣದ ಸೈಕಲ್ ಪೋಸ್ಟರುಗಳು

1896ರಲ್ಲಿ ಪ್ಯಾರಿಸ್ಸಿನ ವ್ಯಾಪಾರಿಯೊಬ್ಬ ತಾನೇ ಹೇಳಿ ಬರೆಸಿದ್ದ ಸೈಕಲ್ ಪೋಸ್ಟರನ್ನು ಬೇಡವೆಂದುಬಿಟ್ಟ. ಚಿತ್ರದಲ್ಲಿ ಓಟದ ಸೈಕಲ್ ಏರಿದ ಸವಾರ, ಪಕ್ಕದಲ್ಲಿ ಚೀಲ ಬಿಚ್ಚುತ್ತಿರುವ ತರಬೇತುದಾರ, ಹಿಂದೆ ಒಬ್ಬ ಕ್ರೀಡಾ ಪತ್ರಕರ್ತ. ಸೈಕಲ್ ಓಟದ ಹುಚ್ಚಿದ್ದವರು ಕಂಡೊಡನೆ ಗುರುತಿಸಬಲ್ಲ ಮುಖಗಳಿವು. ಅವುಗಳ ಬಗ್ಗೆ ವ್ಯಾಪಾರಿಗೆ ತಕರಾರಿರಲಿಲ್ಲ. ಅವನ ಕಣ್ಣು ಹೋದದ್ದು ಸವಾರನ ಕಾಲಿನ ಕಡೆಗೆ. ಪೆಡಲು, ಚೈನು ಇರುವ ಭಾಗವನ್ನು ಸರಿಯಾಗಿ ಬರೆದಿಲ್ಲ ಎಂಬುದು ಅವನ ಆಕ್ಷೇಪ. ಬರೆದವನೋ ಆನ್ರಿ ದ ತುಲೂಸ್-ಲೋತ್ರೆಕ್. ಐದು ವರ್ಷ ಮೊದಲು ಮುಲಾಂ ರೂಜ್ ನೃತ್ಯಶಾಲೆಗೆ ಬರೆದ ಒಂದೇ ಪೋಸ್ಟರಿನಿಂದ ಇಡೀ ನಗರಕ್ಕೆ ಪರಿಚಿತನಾದ ಕಲಾವಿದ.

ಅದೇ ಕಾಲಕ್ಕೆ ಅದೇ ಊರಿನ ಗೋಡೆಗಳ ಮೇಲಿದ್ದ ಇತರ ಸೈಕಲ್ ಪೋಸ್ಟರುಗಳನ್ನು ನೋಡಿದರೆ ಈ ತಕರಾರು ವಿಚಿತ್ರವೆನಿಸುತ್ತದೆ. ಸುಮಾರು 1895ರಲ್ಲಿ ಗ್ಲಾಡಿಯೇಟರ್ ಕಂಪನಿಗಾಗಿ ಅಚ್ಚಾದ, ಜಿ. ಮಾಸಿಯಾಸ್ ಎಂಬ ಹೆಸರಿರುವ ಪೋಸ್ಟರಿನಲ್ಲಿ ಬತ್ತಲೆ ಹೆಣ್ಣೊಬ್ಬಳು ಕೆಂಗೂದಲು ಹಾರಿಸುತ್ತ, ನಕ್ಷತ್ರಗಳ ನಡುವೆ ಸೈಕಲ್ಲಿನೊಂದಿಗೆ ತೇಲಿಹೋಗುತ್ತಿದ್ದಾಳೆ. ಅವಳು ಪೆಡಲು ತುಳಿಯುತ್ತಿಲ್ಲ. ಪೆಡಲಿಗೇ ರೆಕ್ಕೆ ಮೂಡಿದೆ. ಅಲ್ಫೋನ್ಸ್ ಮೂಖಾ 1898ರಲ್ಲಿ ವೇವರ್ಲಿ ಎಂಬ ಅಮೆರಿಕದ ಸೈಕಲ್ಲಿಗೆ ಬರೆದ ಪೋಸ್ಟರಿನಲ್ಲಿ ಸುಂದರಿಯೊಬ್ಬಳು ಕಮ್ಮಾರನ ಅಡಿಗಲ್ಲಿಗೆ ಒರಗಿ ನಿಂತಿದ್ದಾಳೆ. ಸೈಕಲ್ಲಿನದೆಂದು ಕಾಣುವುದು ಹ್ಯಾಂಡಲ್ಲಿನ ತುಣುಕು ಮಾತ್ರ. ಅವನದೇ ಪೆರ್ಫೆಕ್ತಾ ಪೋಸ್ಟರಿನಲ್ಲಿ ಗಾಳಿಗೆ ಹಾರುವ ಕೂದಲು ಆಕ್ರಮಿಸಿಕೊಂಡಷ್ಟು ಜಾಗ ಸೈಕಲ್ಲಿಗೆ ಸಿಕ್ಕಿಲ್ಲ. ಕಂಪನಿಗಳು ಇವನ್ನೆಲ್ಲ ಒಪ್ಪಿದವು, ಅಚ್ಚು ಹಾಕಿಸಿದವು, ಊರೆಲ್ಲ ಅಂಟಿಸಿದವು.

ಅಂದರೆ ಒಬ್ಬ ವ್ಯಾಪಾರಿಗೆ ಚೈನು ಕೊಂಚ ತಪ್ಪಿದರೂ ನಡೆಯದು, ಉಳಿದವರಿಗೆ ಸೈಕಲ್ಲೇ ಕಾಣದಿದ್ದರೂ ನಡೆದೀತು. ಇದನ್ನು ಕಲಾವಿದರ ಶೈಲಿಯ ವ್ಯತ್ಯಾಸವೆಂದು ವಿವರಿಸುವುದು ರೂಢಿ. ನನಗೆ ಕಾಣುವ ಕಾರಣ ಅಂಗಡಿಯೊಳಗಿದೆ, ಮಾರಾಟಕ್ಕಿಟ್ಟ ಸರಕಿನಲ್ಲಿದೆ.

ಸೈಕಲ್ಲಿನ ಚರಿತ್ರೆಯಲ್ಲಿ 1880ರ ದಶಕ ಮುಖ್ಯವಾದದ್ದು. ಅದಕ್ಕೆ ಮೊದಲು ಮುಂದಿನ ಚಕ್ರ ಆಳೆತ್ತರ, ಹಿಂದಿನದು ಬೊಗಸೆಯಷ್ಟು ಎಂಬಂಥ ಗಾಡಿಗಳಿದ್ದವು. ಮೂರು ಚಕ್ರದವು, ನಾಲ್ಕು ಚಕ್ರದವು, ಸನ್ನೆಯಿಂದ ಓಡುವಂಥವು ಹೀಗೆ ತರಹೇವಾರಿ. 1885ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಎಂಬ ಸೈಕಲ್ ತಂದ. ಹೆಚ್ಚುಕಡಿಮೆ ಸಮನಾದ ಎರಡು ಚಕ್ರ, ನಡುವೆ ಪೆಡಲು, ಹಿಂದಿನ ಚಕ್ರಕ್ಕೆ ಚೈನು. 1888ರಲ್ಲಿ ಡನ್‌ಲಪ್ ಗಾಳಿ ತುಂಬುವ ಟಯರು ಮಾಡಿದ. 1891ರಲ್ಲಿ ಫ್ರಾನ್ಸಿನ ಮಿಶೆಲಿನ್ ಸಹೋದರರು ಸುಲಭವಾಗಿ ಬಿಚ್ಚಿ ಹಾಕಬಹುದಾದ ಟಯರು ತಂದರು. ಅದನ್ನು ಹಾಕಿಕೊಂಡು ಶಾರ್ಲ್ ತೆರೋಂ ಅದೇ ವರ್ಷ ಪ್ಯಾರಿಸ್ಸಿನಿಂದ ಬ್ರೆಸ್ತ್‌ಗೆ ಹೋಗಿ ಮರಳುವ ಸುಮಾರು 1,200 ಕಿಲೊಮೀಟರ್ ಓಟವನ್ನು ಮೂರು ದಿನದೊಳಗೆ ಮುಗಿಸಿ ಗೆದ್ದ. ಅಲ್ಲಿಗೆ ಸೈಕಲ್ಲಿನ ರೂಪ ನಿಂತಿತು. ಇಂದು ನಮ್ಮ ಬೀದಿಯಲ್ಲಿ ಹಾಲು ಹಾಕುವ ಹುಡುಗನ ಸೈಕಲ್ಲಿನ ರೂಪವೂ ಮೂಲದಲ್ಲಿ ಅದೇ.

ರೂಪ ನಿಂತದ್ದು ಸವಾರನಿಗೆ ಒಳ್ಳೆಯದಾಯಿತು, ವ್ಯಾಪಾರಿಗೆ ಪೇಚು ತಂದಿತು. ಪ್ಯಾರಿಸ್ ಮತ್ತು ಸುತ್ತಮುತ್ತ ಗ್ಲಾಡಿಯೇಟರ್, ಕ್ಲೆಮಾಂ, ಲಿಬರೇಟರ್, ಜಾರ್ಜ್ ರಿಶಾರ್ ಎಂದು ಕಂಪನಿಗಳು ಸಾಲಾಗಿ ಹುಟ್ಟಿದವು. ಎಲ್ಲರ ಫ್ರೇಮೂ ಒಂದೇ, ಎಲ್ಲರ ಚೈನೂ ಒಂದೇ. ಹತ್ತು ಹೆಜ್ಜೆ ದೂರದಿಂದ ಯಾವುದು ಯಾರದೆಂದು ಹೇಳಲಾಗದು. ಕೊಳ್ಳುವವನೂ ಸುಲಭಕ್ಕೆ ಕೈಚೀಲ ಬಿಚ್ಚುತ್ತಿರಲಿಲ್ಲ. ಕೂಲಿಯವನಿಗೆ ಸೈಕಲ್ಲೆಂದರೆ ತಿಂಗಳುಗಟ್ಟಲೆಯ ದುಡಿಮೆ. 1893ರಿಂದ ಸರ್ಕಾರ ಪ್ರತಿ ಸೈಕಲ್ಲಿಗೆ ವರ್ಷಕ್ಕೆ 10 ಫ್ರಾಂಕ್ ತೆರಿಗೆಯನ್ನೂ ಹಾಕಿತು. ಇಂಥ ಸರಕನ್ನು ಮಾರುವವನು ತನ್ನ ಸೈಕಲ್ಲನ್ನೇ ಯಥಾವತ್ತಾಗಿ ಬರೆಸಿ ಗೋಡೆಗೆ ಅಂಟಿಸಿದರೆ ಅದು ಎದುರಾಳಿಗೂ ಜಾಹೀರಾತೇ ಆಗುತ್ತಿತ್ತು. ತನ್ನದೆಂದು ಹೇಳಿಕೊಳ್ಳಲು ಅವನಲ್ಲಿದ್ದದ್ದು ಒಂದು ಹೆಸರು. ಆ ಹೆಸರಿಗೆ ಮುಖ ಕೊಡಲು ದೇವತೆ ಬಂದಳು, ಸಿಂಹ ಬಂತು, ಹುಂಜ ಬಂತು, ಜಾರ್ಜ್ ರಿಶಾರ್ ಕಂಪನಿಗೆ ನಾಲ್ಕೆಲೆಯ ಅದೃಷ್ಟದ ಸೊಪ್ಪು ಬಂತು.

ಮುಖ ಕೊಡುವ ಕಲೆಗಾರರು, ಅಂಟಿಸುವ ಗೋಡೆಗಳು, ಅಚ್ಚಿನ ವಿದ್ಯೆ ಮೂರೂ ಆ ಹೊತ್ತಿಗೆ ಪ್ಯಾರಿಸ್ಸಿನಲ್ಲಿ ತಯಾರಾಗಿದ್ದವು. 1881ರ ಜುಲೈ 29ರ ಪತ್ರಿಕಾ ಸ್ವಾತಂತ್ರ್ಯದ ಕಾಯಿದೆ ಭಿತ್ತಿಪತ್ರಗಳ ಮೇಲಿದ್ದ ಹಿಡಿತವನ್ನು ಬಹುಮಟ್ಟಿಗೆ ಸಡಿಲಿಸಿತು. ನಿಷೇಧಿಸಿದ ಜಾಗ ಬಿಟ್ಟು ಉಳಿದೆಡೆ ಅಂಟಿಸಬಹುದಾಯಿತು. ಆ ನಿಷೇಧದ ಬರಹ, ಕಾಯಿದೆಯ ದಿನಾಂಕ ಸಮೇತ, ಫ್ರಾನ್ಸಿನ ಹಳೆಯ ಗೋಡೆಗಳ ಮೇಲೆ ಇಂದಿಗೂ ಕಾಣಸಿಗುತ್ತದೆ. ಅದೇ ಕಾಯಿದೆಯಲ್ಲಿ ಇನ್ನೊಂದು ಸಣ್ಣ ನಿಯಮವಿತ್ತು: ಬಿಳಿ ಕಾಗದದ ಮೇಲಿನ ಪ್ರಕಟಣೆ ಸರ್ಕಾರಕ್ಕೆ ಮೀಸಲು. ಖಾಸಗಿಯವರಿಗೆ ಬಣ್ಣ ಬೇಕೇ ಬೇಕಾಯಿತು. ಪ್ಯಾರಿಸ್ಸಿನ ಬೀದಿಗಳು ಬಣ್ಣಬಣ್ಣವಾದದ್ದರ ಹಿಂದೆ ಕಲಾವಿದರ ಕೈ ಎಷ್ಟಿತ್ತೋ, ಕಾನೂನಿನ ಈ ಸಾಲಿಗೂ ಕೊಂಚ ಪಾಲಿದೆ.

ಬಣ್ಣ ಬಂದದ್ದು ಕಲ್ಲಚ್ಚಿನಿಂದ. ಜರ್ಮನಿಯ ಅಲೋಯಿಸ್ ಜೆನೆಫೆಲ್ಡರ್ 18ನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ವಿದ್ಯೆ ಇದು. ಕನ್ನಡಕ್ಕೂ ಇದು ಹೊರಗಿನದಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಮೊದಲು ಹೂಡಿದ್ದು ಕಲ್ಲಚ್ಚಿನ ಯಂತ್ರವನ್ನೇ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಅಚ್ಚಾದದ್ದು ಕಲ್ಲಿನ ಮೇಲೆ. ಕೆಲಸದ ತತ್ತ್ವ ಸರಳ: ಜಿಡ್ಡು ನೀರಿಗೆ ಸೇರದು. ಬವೇರಿಯದ ಝೋಲ್ನ್‌ಹೋಫನ್ ಗಣಿಯ ನುಣುಪಾದ ಸುಣ್ಣಕಲ್ಲು ಇದಕ್ಕೆ ಹೆಸರಾದದ್ದು. ಎರಡು ಕಲ್ಲುಗಳ ನಡುವೆ ಮರಳು, ನೀರು ಹಾಕಿ ಉಜ್ಜಿದರೆ ಮೇಲ್ಮೈಗೆ ಸಣ್ಣ ತರಿ ಬರುತ್ತದೆ. ಅದರ ಮೇಲೆ ಜಿಡ್ಡಿನ ಬಳಪದಿಂದಲೋ ಮಸಿಯಿಂದಲೋ ಚಿತ್ರ ಬರೆಯಬೇಕು. ಆಮೇಲೆ ಗೋಂದಿನ ನೀರಿಗೆ ಕೊಂಚ ಆಮ್ಲ ಬೆರೆಸಿ ಸವರಿದರೆ ಬರೆದ ಜಾಗ ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ, ಬರೆಯದ ಜಾಗ ನೀರನ್ನು. ಒದ್ದೆ ಮಾಡಿ ಮಸಿಯ ಉರುಳೆ ಆಡಿಸಿದರೆ ಮಸಿ ಚಿತ್ರಕ್ಕಷ್ಟೇ ಅಂಟುತ್ತದೆ. ಕಾಗದ ಇಟ್ಟು ಒತ್ತಿದರೆ ಪ್ರತಿ ಸಿದ್ಧ.

ಒಂದು ಬಣ್ಣಕ್ಕೆ ಒಂದು ಕಲ್ಲು. ಮೂರು ಬಣ್ಣವೆಂದರೆ ಮೂರು ಕಲ್ಲು, ಒಂದೇ ಕಾಗದ ಮೂರು ಸಲ ಒತ್ತಿಗೆ ಹೋಗಬೇಕು, ಪ್ರತಿ ಸಲವೂ ಮೂಲೆಯ ಗುರುತಿಗೆ ಗುರುತು ಕೂರಬೇಕು. ಒಂದು ಕೂದಲೆಳೆ ಜರುಗಿದರೂ ತುಟಿಯ ಕೆಂಪು ಕೆನ್ನೆಗೆ ಹೋಗುತ್ತದೆ. ಪೋಸ್ಟರಿನಷ್ಟು ದೊಡ್ಡ ಕಲ್ಲುಗಳು ನೂರಾರು ಕಿಲೊ ತೂಗುತ್ತಿದ್ದವು. ಕಲ್ಲಿನ ಮೇಲೆ ನೇರ ಬರೆಯುವಾಗ ಎಲ್ಲವನ್ನೂ, ಅಕ್ಷರ ಸಮೇತ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಬರೆಯಬೇಕಿತ್ತು. ಇಷ್ಟು ತಾಪತ್ರಯದ ಕೆಲಸವನ್ನು ಬೀದಿಯ ಕಲೆಯನ್ನಾಗಿ ಮಾಡಿದವನು ಜೂಲ್ ಶೆರೆ. 1836ರಲ್ಲಿ ಹುಟ್ಟಿದ ಇವನು ಎಳೆವಯಸ್ಸಿನಲ್ಲೇ ಕಲ್ಲಚ್ಚಿನ ಕಾರ್ಖಾನೆ ಸೇರಿ ಕೆಲಸ ಕಲಿತವನು. ಲಂಡನ್ನಿನಲ್ಲಿ ಕೆಲ ವರ್ಷ ದುಡಿದು, 1866ರಲ್ಲಿ ಪ್ಯಾರಿಸ್ಸಿನಲ್ಲಿ ಸ್ವಂತ ಅಚ್ಚುಕೂಟ ತೆರೆದ. ಮುದ್ರಕನೇ ಚಿತ್ರಕಾರನೂ ಆದದ್ದರಿಂದ ಯಾವ ಬಣ್ಣದ ಮೇಲೆ ಯಾವ ಬಣ್ಣ ಬಿದ್ದರೆ ಏನಾಗುತ್ತದೆಂಬುದು ಅವನ ಕೈಗೇ ಗೊತ್ತಿತ್ತು. ಕೆಲವೇ ಕಲ್ಲುಗಳಲ್ಲಿ ಹತ್ತಾರು ಬಣ್ಣದ ಭ್ರಮೆ ಹುಟ್ಟಿಸುತ್ತಿದ್ದ. ಅವನ ನಗುಮುಖದ ನರ್ತಕಿಯರು ಸೀಮೆಎಣ್ಣೆಯಿಂದ ಹಿಡಿದು ಕೆಮ್ಮಿನ ಗುಳಿಗೆಯವರೆಗೆ ಎಲ್ಲವನ್ನೂ ಮಾರಿದರು. 1890ರಲ್ಲಿ ಫ್ರೆಂಚ್ ಸರ್ಕಾರ ಅವನಿಗೆ ಲೆಜಿಯೋಂ ದೊನರ್ ಪದಕ ಕೊಟ್ಟಿತು.

ಸೈಕಲ್ ಕಂಪನಿಗಳು ಬಂದಾಗ ಈ ನಗುಮುಖದ ಹೆಣ್ಣು ಸಿದ್ಧವಾಗಿಯೇ ಇದ್ದಳು. ಅವಳಿಗೆ ರೆಕ್ಕೆ ಹಚ್ಚಿದರೆ ದೇವತೆ, ಕೈಗೆ ಗುರಾಣಿ ಕೊಟ್ಟರೆ ವೀರಾಂಗನೆ. ಪಾಲ್ ಎಂದು ಸಹಿ ಹಾಕುತ್ತಿದ್ದ ರುಮೇನಿಯಾ ಮೂಲದ ಜಾಂ ದ ಪಾಲೆಯೊಲೋಗ್ ಈ ಜಾತಿಯ ಪೋಸ್ಟರುಗಳಲ್ಲಿ ಪಳಗಿದವನು. ಲಿಬರೇಟರ್ ಸೈಕಲ್ಲಿಗೆ ಅವನು ಬರೆದದ್ದು ಪ್ರಾಚೀನ ಗಾಲ್ ನಾಡಿನ ಯೋಧೆಯನ್ನು. ಅವಳ ನಿಲುವು ಕಂಡರೆ ಹಗುರವಾದ ಸೈಕಲ್ಲಿಗಿಂತ ಕೋಟೆಯ ಬಾಗಿಲ ಕಾವಲಿಗೆ ಹೆಚ್ಚು ಒಪ್ಪುತ್ತಾಳೆ. ಎಷ್ಟೋ ಪೋಸ್ಟರುಗಳ ತಳದಲ್ಲಿ ಖಾಲಿ ಪಟ್ಟಿಯೊಂದನ್ನು ಬಿಟ್ಟಿರುತ್ತಿದ್ದರು. ಊರೂರಿನ ಏಜೆಂಟರು ಅಲ್ಲಿ ತಮ್ಮ ಹೆಸರು, ವಿಳಾಸ ಒತ್ತಿಕೊಳ್ಳಬಹುದಿತ್ತು. ದೇವತೆ ಒಬ್ಬಳೇ, ಅಂಗಡಿ ನೂರು.

ಇಲ್ಲೊಂದು ವ್ಯಂಗ್ಯವನ್ನು ಗಮನಿಸಬೇಕು. ಪೋಸ್ಟರಿನ ಹೆಣ್ಣು ಬತ್ತಲೆ ಹಾರಬಹುದಿತ್ತು, ಬೀದಿಯ ಹೆಣ್ಣು ಪ್ಯಾಂಟು ಹಾಕುವಂತಿರಲಿಲ್ಲ. ಗಂಡಸಿನ ಉಡುಪು ತೊಡಬೇಕಾದರೆ ಪೊಲೀಸರ ಪರವಾನಗಿ ಪಡೆಯಬೇಕೆಂಬ 1800ರ ಆಜ್ಞೆ ಪ್ಯಾರಿಸ್ಸಿನಲ್ಲಿ ಜಾರಿಯಲ್ಲಿತ್ತು. 1892 ಮತ್ತು 1909ರ ಸುತ್ತೋಲೆಗಳು ಅದಕ್ಕೊಂದು ವಿನಾಯಿತಿ ಕೊಟ್ಟವು: ಹೆಣ್ಣಿನ ಕೈಯಲ್ಲಿ ಕುದುರೆಯ ಲಗಾಮೋ ಸೈಕಲ್ಲಿನ ಹ್ಯಾಂಡಲ್ಲೋ ಇದ್ದರೆ ಪ್ಯಾಂಟು ಆಗಬಹುದು. ಆಜ್ಞೆಗೆ ಬೆಲೆಯಿಲ್ಲವೆಂದು ಸರ್ಕಾರ ವಿಧ್ಯುಕ್ತವಾಗಿ ಹೇಳಿದ್ದು 2013ರಲ್ಲಿ. ಹಾಗಾಗಿ ಸೈಕಲ್ ಅಂದಿನ ಹೆಂಗಸಿಗೆ ನಿಜಕ್ಕೂ ಬಿಡುಗಡೆಯ ದಾರಿಯಾಗಿತ್ತು. ಆ ಬಿಡುಗಡೆಯ ಆಸೆಯನ್ನು ಪೋಸ್ಟರುಗಳು ಬಳಸಿಕೊಂಡವು, ಜೊತೆಗೆ ಗಂಡಸಿನ ಚಪಲವನ್ನೂ ಬಳಸಿಕೊಂಡವು. ಸಡಿಲ ಚಣ್ಣ ತೊಟ್ಟು ಸೈಕಲ್ ಹತ್ತಿದ ಹೆಂಗಸರ ಪೋಸ್ಟರುಗಳೂ ಬಂದವು. ಆದರೆ ಇಂದಿನ ಮರುಮುದ್ರಣದ ಅಂಗಡಿಗಳಲ್ಲಿ ಎದ್ದು ಕಾಣುವವಳು ರೆಕ್ಕೆಯವಳೇ.

ಇಂಥ ಸನ್ನಿವೇಶಕ್ಕೆ ಲೋತ್ರೆಕ್ ಬಂದದ್ದು ಬೇರೆಯೇ ಬಾಗಿಲಿನಿಂದ. 1864ರಲ್ಲಿ ಆಲ್ಬಿ ಊರಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದವನು. ಅಪ್ಪನಿಗೆ ಕುದುರೆ, ಬೇಟೆಯೇ ಜೀವ. ಅಪ್ಪ ಅಮ್ಮ ಹತ್ತಿರದ ರಕ್ತಸಂಬಂಧಿಗಳು. ಮಗನಿಗೆ ಹುಟ್ಟಿನಿಂದಲೇ ಮೂಳೆಯ ದೌರ್ಬಲ್ಯ. 1878ರಲ್ಲಿ ಒಂದು ತೊಡೆಯ ಮೂಳೆ ಮುರಿಯಿತು, ಮರುವರ್ಷ ಇನ್ನೊಂದು. ಕಾಲು ಬೆಳೆಯುವುದು ನಿಂತಿತು, ಮೇಲಿನ ದೇಹ ಬೆಳೆಯಿತು. ಕುದುರೆ ಏರುವ ಕನಸು ಅಲ್ಲಿಗೆ ಮುಗಿಯಿತು, ಸೈಕಲ್ಲಂತೂ ಎಟುಕದ ಮಾತು. ಆದರೆ ಓಡುವ ಮೈ, ಕುಣಿಯುವ ಕಾಲು, ನೆಗೆಯುವ ಕುದುರೆ ಇವೆಲ್ಲವನ್ನೂ ಅವನು ಬಿಟ್ಟಕಣ್ಣು ಬಿಟ್ಟಂತೆ ನೋಡಿದ. 1891ರಿಂದ 1901ರಲ್ಲಿ, 36ನೆಯ ವಯಸ್ಸಿಗೆ, ಸಾಯುವವರೆಗೆ ಸುಮಾರು 30 ಪೋಸ್ಟರು, 300ಕ್ಕೂ ಹೆಚ್ಚು ಕಲ್ಲಚ್ಚಿನ ಚಿತ್ರಗಳನ್ನು ಮಾಡಿದ. ಚಿತ್ರ ಕೊಟ್ಟು ಸುಮ್ಮನಾಗದೆ ಅಚ್ಚುಕೂಟಕ್ಕೇ ಹೋಗಿ, ಮುದ್ರಕರ ಪಕ್ಕ ನಿಂತು ಕೆಲಸ ಮಾಡುತ್ತಿದ್ದ. ಹಲ್ಲುಜ್ಜುವ ಬ್ರಷ್ಷನ್ನು ಮಸಿಯಲ್ಲಿ ಅದ್ದಿ ಕಲ್ಲಿನ ಮೇಲೆ ಸಿಡಿಸಿ ಮಂಜಿನಂಥ ಹನಿಗಳ ಬಣ್ಣ ತರುವುದರಲ್ಲಿ ಅವನಿಗೆ ವಿಶೇಷ ಪ್ರೀತಿ.

ಅವನನ್ನು ಸೈಕಲ್ಲಿನ ಲೋಕಕ್ಕೆ ಕರೆದೊಯ್ದವನು ಗೆಳೆಯ, ಬರಹಗಾರ ತ್ರಿಸ್ತಾಂ ಬೆರ್ನಾರ್. ನಾಟಕ, ಹಾಸ್ಯ ಬರೆಯುತ್ತಲೇ ಬೆರ್ನಾರ್ ಬ್ಯುಫಾಲೊ ವೆಲೊಡ್ರೋಮಿನ ಕ್ರೀಡಾ ನಿರ್ದೇಶಕನೂ ಆಗಿದ್ದ. ವೆಲೊಡ್ರೋಮ್ ಎಂದರೆ ಸೈಕಲ್ ಓಟಕ್ಕಾಗಿಯೇ ಕಟ್ಟಿದ, ಅಂಚು ಎತ್ತರವಿರುವ ಸುತ್ತುಹಾದಿಯ ಮೈದಾನ. ಆನ್ರಿ ದೆಗ್ರಾಂಜ್ 1893ರಲ್ಲಿ ಒಂದು ಗಂಟೆಯಲ್ಲಿ 35.325 ಕಿಲೊಮೀಟರ್ ಓಡಿಸಿ ದಾಖಲೆ ಮಾಡಿದ್ದು ಇಲ್ಲೇ. ಹತ್ತು ವರ್ಷದ ನಂತರ ಟೂರ್ ದ ಫ್ರಾನ್ಸ್ ಶುರುಮಾಡಿದವನೂ ಅವನೇ. ಲೋತ್ರೆಕ್ ಇಲ್ಲಿಗೆ ಬಂದು ಕೂತು ಓಟಗಾರರ ಮೈಕಟ್ಟು, ಬಾಗಿದ ಬೆನ್ನು, ತರಬೇತುದಾರರ ಹಾವಭಾವ ಗಮನಿಸುತ್ತಿದ್ದ. 1895ರಲ್ಲಿ ಬೆರ್ನಾರ್ ಮೈದಾನದ ನಡುವೆ ನಿಂತಿರುವ ಚಿತ್ರವನ್ನೂ ಬರೆದ. ಅವನು ಸೈಕಲ್ಲನ್ನು ಕಂಡದ್ದು ದೇವತೆಯ ವಾಹನವಾಗಿ ಅಲ್ಲ, ಬೆವರುವ ಮನುಷ್ಯನ ಹತಾರವಾಗಿ.

ಈ ವಲಯದಲ್ಲೇ ಅವನಿಗೆ ಲೂಯಿ ಬೂಗ್ಲೆ ಸಿಕ್ಕಿದ. ಇಂಗ್ಲಿಷರ ಮೇಲಿನ ಮೋಹದಿಂದ 'ಸ್ಪೋಕ್', ಅಂದರೆ ಚಕ್ರದ ಕಡ್ಡಿ, ಎಂದು ತನಗೆ ತಾನೇ ಹೆಸರಿಟ್ಟುಕೊಂಡಿದ್ದ ಈತ ಸಿಂಪ್ಸನ್ ಚೈನಿನ ಫ್ರಾನ್ಸಿನ ಏಜೆಂಟ. ಪೋಸ್ಟರನ್ನು ಬೇಡವೆಂದವನು ಇವನೇ. ಅವನ ಹಟ ಅರ್ಥವಾಗಬೇಕಾದರೆ ಆ ಚೈನು ಎಂಥದೆಂದು ತಿಳಿಯಬೇಕು.

ಇಂಗ್ಲೆಂಡಿನ ವಿಲಿಯಂ ಸ್ಪಿಯರ್ಸ್ ಸಿಂಪ್ಸನ್ 1895ರಲ್ಲಿ ತಂದ ಈ ಚೈನಿನ ಕೊಂಡಿಗಳು ತ್ರಿಕೋನದಂತಿದ್ದವು. ತ್ರಿಕೋನದ ಒಳಬದಿ ಪೆಡಲಿನ ಹಲ್ಲುಚಕ್ರಕ್ಕೆ ಕೂರುತ್ತಿತ್ತು, ಹೊರಗೆ ಚಾಚಿದ ತುದಿ ಹಿಂದಿನ ಚಕ್ರದ ಹಲ್ಲಿಗೆ. ಹೀಗೆ ಪ್ರತಿ ಕೊಂಡಿಯೂ ಸನ್ನೆಯಂತೆ ಕೆಲಸ ಮಾಡಿ ಸವಾರನ ಬಲವನ್ನು ಹೆಚ್ಚಿಸುತ್ತದೆಂಬುದು ಸಿಂಪ್ಸನ್ನನ ವಾದ. ಕೇಳಲು ಚೆಂದ, ಆದರೆ ನಡೆಯುವ ಮಾತಲ್ಲ. ಚೈನಿನ ಕೆಲಸ ಮುಂದಿನ ಎಳೆತವನ್ನು ಹಿಂದಕ್ಕೆ ದಾಟಿಸುವುದು. ಪೆಡಲಿಗೆ ಹಾಕಿದ ಶ್ರಮಕ್ಕಿಂತ ಹೆಚ್ಚಿನದು ಹಿಂದಿನ ಚಕ್ರದಲ್ಲಿ ಹುಟ್ಟಲಾರದು. ಬಾವಿಯ ಹಗ್ಗವನ್ನು ಜಡೆಯಂತೆ ಹೆಣೆದ ಮಾತ್ರಕ್ಕೆ ಕೊಡ ಹಗುರಾಗುತ್ತದೆಯೇ? ಸೈಕಲ್ ಬಲ್ಲ ಎಂಜಿನಿಯರುಗಳು ಇದನ್ನು ಒಪ್ಪಲಿಲ್ಲ.

ಸಿಂಪ್ಸನ್ ಲೆಕ್ಕದಿಂದ ಉತ್ತರಿಸುವ ಬದಲು ಪಂಥ ಕಟ್ಟಿದ. ತನ್ನ ಚೈನು ಹಾಕಿದ ಓಟಗಾರರು ಮಾಮೂಲಿ ಚೈನಿನವರನ್ನು ಸೋಲಿಸುತ್ತಾರೆ, ಒಂದಕ್ಕೆ ಹತ್ತು ಎಂದ. 1896ರ ಜೂನಿನಲ್ಲಿ ಲಂಡನ್ನಿನ ಕ್ಯಾಟ್‌ಫರ್ಡ್ ಮೈದಾನದಲ್ಲಿ ಓಟ ನಡೆಯಿತು. ಜನ ಸಾವಿರಗಟ್ಟಲೆ ಸೇರಿದರು. ಬೂಗ್ಲೆಯ ಜೊತೆ ಲೋತ್ರೆಕ್ ಕೂಡ ಪ್ಯಾರಿಸ್ಸಿನಿಂದ ಬಂದಿದ್ದ. ಮೂರು ಓಟಗಳಲ್ಲಿ ಎರಡನ್ನು ಸಿಂಪ್ಸನ್ ಕಡೆಯವರು ಗೆದ್ದರು. ಗೆದ್ದದ್ದು ಚೈನಿನಿಂದಲ್ಲ. ಜಿಮ್ಮಿ ಮೈಕಲ್, ಟಾಮ್ ಲಿಂಟನ್, ಕಾನ್ಸ್ತಾಂ ಯುರೆಯಂಥ ಅಂದಿನ ಮೇಲ್ಮಟ್ಟದ ಓಟಗಾರರನ್ನು ಸಿಂಪ್ಸನ್ ಕೂಡಿಹಾಕಿಕೊಂಡಿದ್ದ. ಜೊತೆಗೆ ಪ್ಯಾರಿಸ್ಸಿನಿಂದ ಗ್ಲಾಡಿಯೇಟರ್ ಕಂಪನಿಯ ಗಾಳಿ ಸೀಳುವ ತಂಡವನ್ನು ತರಿಸಿದ್ದ. ಆಗಿನ ಓಟಗಳಲ್ಲಿ ಇಬ್ಬರು, ಮೂವರು, ಐವರು ಸಾಲಾಗಿ ಕೂತು ತುಳಿಯುವ ಉದ್ದನೆಯ ಸೈಕಲ್ಲುಗಳು ಓಟಗಾರನ ಮುಂದೆ ಹೋಗುತ್ತಿದ್ದವು. ಎದುರುಗಾಳಿಯನ್ನು ಅವು ತಡೆದರೆ ಹಿಂದೆ ಅಂಟಿಕೊಂಡು ಬರುವವನಿಗೆ ಅರ್ಧ ಕಷ್ಟ ಇಳಿದಂತೆ. ಪೋಸ್ಟರಿನಲ್ಲಿ ರೆಕ್ಕೆ ಹಚ್ಚಿಕೊಂಡು ಹಾರುತ್ತಿದ್ದ ಗ್ಲಾಡಿಯೇಟರ್ ನಿಜದ ಮೈದಾನದಲ್ಲಿ ಮಾಡುತ್ತಿದ್ದದ್ದು ಇಂಥ ಬೆವರಿನ ಕೆಲಸವನ್ನು.

ಈಗ ಬೂಗ್ಲೆಯ ಸ್ಥಿತಿಯನ್ನು ನೋಡಿ. ಗ್ಲಾಡಿಯೇಟರಿಗೆ ತೋರಿಸಲು ಬೇರೆಯದೇನೂ ಇರಲಿಲ್ಲ, ಆದ್ದರಿಂದ ಏನು ಬೇಕಾದರೂ ತೋರಿಸಬಹುದಿತ್ತು. ಬೂಗ್ಲೆಗೆ ತೋರಿಸಲು ಒಂದೇ ಒಂದು ಬೇರೆಯ ವಸ್ತುವಿತ್ತು. ಅವನು ಮಾರುತ್ತಿದ್ದದ್ದು ಸೈಕಲ್ಲನ್ನಲ್ಲ, ಅದರ ಒಂದು ಬಿಡಿಭಾಗವನ್ನು. ಅದರ ಆಕಾರವೇ ಅದರ ಹೆಗ್ಗಳಿಕೆ. ಲೋತ್ರೆಕ್ ತಂದ ಚಿತ್ರದಲ್ಲಿ ಜಿಮ್ಮಿ ಮೈಕಲ್ ಇದ್ದ: ವೇಲ್ಸ್ ನಾಡಿನ ಕುಳ್ಳ ಹುಡುಗ, 1895ರ ವಿಶ್ವವಿಜೇತ, ಬಾಯಲ್ಲಿ ಸದಾ ಹಲ್ಲುಕಡ್ಡಿ. ಕೆಳಗೆ ಚೀಲದ ಮೇಲೆ ಬಾಗಿದವನು ಅವನ ತರಬೇತುದಾರ ಚಾಪಿ ವಾರ್ಬರ್ಟನ್. ತನ್ನ ಓಟಗಾರರಿಗೆ ಏನೇನೋ ಔಷಧ ಕುಡಿಸುತ್ತಾನೆಂಬ ಗುಮಾನಿ ಅವನ ಮೇಲಿತ್ತು. ಆ ಚೀಲವನ್ನು ಲೋತ್ರೆಕ್ ಬಿಡದೆ ಬರೆದಿದ್ದಾನೆ. ಮನುಷ್ಯರ ಮೇಲೆ ಇಷ್ಟು ಹರಿತವಾಗಿ ನೆಟ್ಟ ಕಣ್ಣು ಚೈನಿನ ಮೇಲೆ ಅಷ್ಟು ನೆಡಲಿಲ್ಲ. ಕಲೆಯ ಕಡೆಯಿಂದ ಅದು ಪುಟ್ಟ ಸಂಗತಿ, ಅಂಗಡಿಯ ಕಡೆಯಿಂದ ಅದೇ ಸರ್ವಸ್ವ. ಕಲೆ ತಿಳಿಯದ ವ್ಯಾಪಾರಿ ಎಂದು ಬೂಗ್ಲೆಯನ್ನು ಹಳಿಯುವುದು ಸುಲಭ. ನನ್ನ ಮಟ್ಟಿಗೆ ಅವನು ತನ್ನ ಕೆಲಸ ಬಲ್ಲವನು. ತನ್ನ ಸರಕಿಗೆ ಎಂಥ ಚಿತ್ರ ಬೇಕೆಂಬ ವಿಷಯದಲ್ಲಿ ಅವನಿಗೆ ಗೊಂದಲವಿರಲಿಲ್ಲ.

ಲೋತ್ರೆಕ್ ಮತ್ತೆ ಬರೆದ. 'ಲ ಶೆನ್ ಸಿಂಪ್ಸನ್' ಎಂಬ ಎರಡನೆಯ ಪೋಸ್ಟರ್ ನೀಲಿ, ಕೆಂಪು, ಹಳದಿ ಬಣ್ಣಗಳಲ್ಲಿ, ಹೆಚ್ಚುಕಡಿಮೆ 120 ಸೆಂಟಿಮೀಟರ್ ಅಗಲದಲ್ಲಿ ಅಚ್ಚಾಯಿತು. ಈಗ ನಡುವೆ ಇರುವವನು ಕಾನ್ಸ್ತಾಂ ಯುರೆ. 24 ಗಂಟೆ ಎಡೆಬಿಡದೆ ನಡೆಯುವ ಬೋಲ್ ದೋರ್ ಓಟವನ್ನು 1894, 1895ರಲ್ಲಿ ಗೆದ್ದ ಫ್ರೆಂಚ್ ವೀರ. ಅವನ ಮುಂದಿನ ಜೋಡಿ ಸೈಕಲ್ಲು ಅರ್ಧಕ್ಕೇ ತುಂಡಾಗಿ ಚೌಕಟ್ಟಿನಾಚೆ ಹೋಗಿದೆ. ವೇಗ ಎಷ್ಟೆಂದರೆ ಕಾಗದ ಸಾಲದಾಗಿದೆ. ಹೀಗೆ ಅಂಚಿನಲ್ಲಿ ವಸ್ತುವನ್ನು ಕತ್ತರಿಸುವ ಜಾಣ್ಮೆ ಅವನ ತಲೆಮಾರಿಗೆ ಜಪಾನಿನ ಮರದಚ್ಚಿನ ಚಿತ್ರಗಳಿಂದ ಬಂದದ್ದು. ಹಿಂದೆ ದೂರದ ತಿರುವಿನಲ್ಲಿ ಸವಾರರ ಇನ್ನೊಂದು ಸಾಲು, ಮೈದಾನದ ನಡುವೆ ವಾದ್ಯದವರು, ಅಲ್ಲೇ ನಿಂತ ಬೂಗ್ಲೆ ಮತ್ತು ಸಿಂಪ್ಸನ್. ವ್ಯಾಪಾರಿಗಳಿಬ್ಬರೂ ತಮ್ಮ ಜಾಹೀರಾತಿನೊಳಗೆ ತಾವೇ ಬಂದು ನಿಂತಿದ್ದಾರೆ. ಯುರೆಯ ಕಾಲ ಕೆಳಗೆ ಚೈನು ಈ ಸಲ ಸ್ಪಷ್ಟವಾಗಿದೆ. ಏಜೆಂಟ ಎಲ್. ಬಿ. ಸ್ಪೋಕ್, 25, ಬುಲ್ವಾರ್ ಓಸ್ಮಾನ್ ಎಂಬ ವಿಳಾಸ ಸಮೇತ ಪೋಸ್ಟರು ಗೋಡೆಗೆ ಹೋಯಿತು.

ಎರಡನ್ನೂ ಪಕ್ಕಪಕ್ಕ ಇಟ್ಟರೆ ಮೊದಲನೆಯದು ಮನುಷ್ಯರ ಚಿತ್ರ, ಎರಡನೆಯದು ವೇಗದ ಚಿತ್ರ. ಗ್ರಾಹಕನ ಹಟದಿಂದ ಕಲೆ ಕೆಡುತ್ತದೆಂಬ ನಂಬಿಕೆಗೆ ಈ ಜೋಡಿ ಒಗ್ಗುವುದಿಲ್ಲ. ಚೈನನ್ನು ಚೆನ್ನಾಗಿ ತೋರಿಸಬೇಕೆಂಬ ಒತ್ತಾಯ ಲೋತ್ರೆಕ್‌ನನ್ನು ಅಭ್ಯಾಸದ ಹೊತ್ತಿನಿಂದ ಓಟದ ಹೊತ್ತಿಗೆ ತಳ್ಳಿತು; ಅದರಿಂದ ಹುಟ್ಟಿದ್ದು ಹೆಚ್ಚು ಬಿಗಿಯಾದ ಪೋಸ್ಟರು. ಹಾಗೆಂದು ಮೊದಲನೆಯದನ್ನು ಅವನು ಎಸೆಯಲಿಲ್ಲ. ಅಕ್ಷರಗಳಿಲ್ಲದೆ, ಒಂದೇ ಹಸಿರು ಮಸಿಯಲ್ಲಿ, ತನ್ನ ಖರ್ಚಿನಲ್ಲೇ 200 ಪ್ರತಿ ಹಾಕಿಸಿದ. ಕೊಳ್ಳುವವರಿದ್ದರು. ಆಗ ಪ್ಯಾರಿಸ್ಸಿನಲ್ಲಿ ಪೋಸ್ಟರಿನ ಹುಚ್ಚು ಹತ್ತಿತ್ತು. ಅಂಟು ಆರುವ ಮೊದಲೇ ರಾತ್ರೋರಾತ್ರಿ ಗೋಡೆಯಿಂದ ಕಿತ್ತೊಯ್ಯುವವರಿದ್ದರು, ಅಂಟಿಸುವವನ ಕೈ ಬೆಚ್ಚಗೆ ಮಾಡಿ ಹೊಸ ಪ್ರತಿ ಪಡೆಯುವವರಿದ್ದರು, ಪೋಸ್ಟರನ್ನೇ ಮಾರುವ ಅಂಗಡಿಗಳಿದ್ದವು. 1895ರಿಂದ 1900ರವರೆಗೆ ಶೆರೆಯ ಮುಂದಾಳುತನದಲ್ಲಿ ಬಂದ 'ಲೆ ಮೆತ್ರ್ ದ ಲಫೀಶ್' ಮಾಲಿಕೆ ಹೆಸರಾಂತ ಪೋಸ್ಟರುಗಳನ್ನು ಚಿಕ್ಕದಾಗಿಸಿ, ಒಳ್ಳೆಯ ಕಾಗದದ ಮೇಲೆ, 256 ಹಾಳೆಗಳಲ್ಲಿ ಮನೆಮನೆಗೆ ತಲುಪಿಸಿತು.

ಈ ಹುಚ್ಚಿನಿಂದಲೇ ಅವು ಉಳಿದವು. ಕೆಲವೇ ವಾರ ಬಾಳಲೆಂದು ಅಗ್ಗದ ತೆಳು ಕಾಗದದ ಮೇಲೆ ಅಚ್ಚಾದವು ಇಂದು ಬಟ್ಟೆಯ ಬೆನ್ನು ಹಚ್ಚಿಸಿಕೊಂಡು ವಸ್ತುಸಂಗ್ರಹಾಲಯಗಳಲ್ಲಿವೆ. ಅವುಗಳ ನಕಲುಗಳು ಕಾಫಿ ಅಂಗಡಿಗಳಲ್ಲೂ ಹೋಟೆಲು ಕೋಣೆಗಳಲ್ಲೂ ತೂಗುತ್ತವೆ. ಅಸಲಿಯನ್ನು ಗುರುತಿಸಲು ಭೂತಗನ್ನಡಿ ಹಿಡಿದರೆ ಸಾಕಷ್ಟು ಸುಳಿವು ಸಿಗುತ್ತದೆ: ಕಲ್ಲಚ್ಚಿನಲ್ಲಿ ಬಳಪದ ಅಡ್ಡಾದಿಡ್ಡಿ ತರಿ, ಸಿಡಿಸಿದ ಮಸಿಯ ಅಂಕೆಯಿಲ್ಲದ ಹನಿ ಕಾಣುತ್ತವೆ, ಆಫ್‌ಸೆಟ್ ನಕಲಿನಲ್ಲಿ ಸಾಲುಸಾಲಾಗಿ ಜೋಡಿಸಿಟ್ಟ ಚುಕ್ಕೆಗಳು. ಗ್ಲಾಡಿಯೇಟರಿನ ಕೆಂಗೂದಲಿನವಳಂತೂ ಕ್ಯಾಲಿಫೋರ್ನಿಯಾದ ವೈನ್ ಬಾಟಲಿಯ ಚೀಟಿಯಾದಳು. 2009ರಲ್ಲಿ ಅಮೆರಿಕದ ಅಲಬಾಮಾ ರಾಜ್ಯದ ಮದ್ಯ ಮಂಡಳಿ ಆ ಚೀಟಿ ಅಶ್ಲೀಲವೆಂದು ಬಾಟಲಿಗೆ ತಡೆ ಹಾಕಿತು. ಸೈಕಲ್ ಮಾರಲು ಹುಟ್ಟಿದವಳು ನೂರು ವರ್ಷ ಕಳೆದು ವೈನ್ ಮಾರಬಲ್ಲಳೆಂದರೆ, ಅವಳಿಗೂ ಸೈಕಲ್ಲಿಗೂ ಇದ್ದ ನಂಟು ಮೊದಲಿನಿಂದಲೂ ಎಷ್ಟು ಸಡಿಲವೆಂದು ತಿಳಿಯುತ್ತದೆ. ಲೋತ್ರೆಕ್‌ನ ಯುರೆಯನ್ನು ಹಾಗೆ ಬೇರೆ ಬಾಟಲಿಗೆ ಅಂಟಿಸಲಾಗದು. ಅವನು ತುಳಿಯುತ್ತಿರುವುದು ಸಿಂಪ್ಸನ್ ಚೈನನ್ನೇ.

ಆ ಚೈನು ಮಾತ್ರ ಕೆಲವೇ ವರ್ಷಗಳಲ್ಲಿ ಪೇಟೆಯಿಂದ ಮಾಯವಾಯಿತು. ರೆಕ್ಕೆಯ ದೇವತೆಯರು ಮಾರಿದ ಮಾಮೂಲಿ ಸೈಕಲ್ಲುಗಳು ಚೆನ್ನಾಗಿಯೇ ಓಡಿದವು, ಲಕ್ಷಗಟ್ಟಲೆ ಜನರನ್ನು ಕೆಲಸಕ್ಕೆ, ಶಾಲೆಗೆ, ಸಂತೆಗೆ ಮುಟ್ಟಿಸಿದವು. ಹಾಗಾಗಿ ಈ ಪೋಸ್ಟರುಗಳಿಂದ ಜಾಹೀರಾತು ಓದುವ ಪಾಠ ಕಲಿಯುವವರು ಎರಡು ತುದಿಯನ್ನೂ ನೆನಪಿಡಬೇಕು. ಸರಕನ್ನು ಮರೆಮಾಡಿ ಸುಂದರಿಯನ್ನೋ ನಟನನ್ನೋ ಮುಂದಿಟ್ಟರೆ ಆ ಸರಕು ಪಕ್ಕದ ಅಂಗಡಿಯದರಂತೆಯೇ ಇದೆ ಎಂದು ಅನುಮಾನಿಸಬಹುದು; ಆದರೆ ಕೆಟ್ಟದ್ದೆಂದು ತೀರ್ಮಾನಿಸುವಂತಿಲ್ಲ. ಸರಕನ್ನೇ ಎತ್ತಿ ಹಿಡಿದು, ಕೊಂಡಿ ಕೊಂಡಿಯಾಗಿ ತೋರಿಸಿದರೆ ಅದು ನಿಜಕ್ಕೂ ಬೇರೆಯದೇ ಇರಬಹುದು. ಆದರೆ ಹೇಳಿದ ಕೆಲಸ ಮಾಡುತ್ತದೆಯೋ ಇಲ್ಲವೋ ಎಂಬುದನ್ನು ಲೋತ್ರೆಕ್‌ನಂಥವನ ಕೈಚಳಕವೂ ಸಾಬೀತು ಮಾಡಲಾರದು.